ಪಿಎಚ್ ಒಂದೇ ಬರೆದ್ರೆ ಬಾವಿ ನೀರಿನ ವಿಷಯ ಅರ್ಧವೂ ಗೊತ್ತಾಗೋದಿಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ಕರಾವಳಿ ಕಡೆ ಬಾವಿಗಳ ಪಿಎಚ್ 6ಕ್ಕೆ ಇಳಿದಿದೆ, ನೀರು ಆಮ್ಲ ಆಗಿದೆ, ಕುಡಿಯೋಕೆ ಯೋಗ್ಯ ಅಲ್ಲ ಅಂತ ಸುದ್ದಿ ಬಂದಿತ್ತು. ಆವತ್ತಿಂದ ನಮ್ಮ ಕೇರಿಯಲ್ಲಿ ಇದೇ ಮಾತು, ಒಬ್ರು ಬಾವಿಗೆ ಸುಣ್ಣ ಸುರೀತಿದ್ದಾರೆ, ಇನ್ನೊಬ್ರು ಕಂತಿನ ಮೇಲೆ ಆರ್‌ಒ ಮಷಿನ್ ತರಿಸ್ತಿದ್ದಾರೆ, ಮತ್ತೊಬ್ರು ಮೊಮ್ಮಕ್ಕಳಿಗೆ ಬಾವಿ ನೀರು ಕೊಡೋದೇ ನಿಲ್ಲಿಸಿ ಅಂಗಡಿ ಕ್ಯಾನ್ ಶುರು ಮಾಡಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವಳು ನಾನು, ಕೇರಿಯವರು ಈಗಲೂ ಅಕ್ಕೋರೆ ಅಂತ ಕರೆದು ಇಂಥದ್ದನ್ನೆಲ್ಲ ಕೇಳ್ತಾರೆ, ಎಲ್ಲರಿಗೂ ಜಗಲಿ ಮೇಲೆ ಕೂತು ಹೇಳಿ ಮುಗಿಯೋದಿಲ್ಲ, ಅದಕ್ಕೆ ನಿಮಗೇ ಬರೀತಿದ್ದೇನೆ. ಉದ್ದ ಆಯ್ತು ಅಂತ ಕತ್ತರಿಸಬೇಡಿ, ಆದಷ್ಟು ಪೂರ್ತಿ ಹಾಕಿ.

ಸುದ್ದಿ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಪಿಎಚ್ 6 ಇರಬಹುದು, ನಮ್ಮ ಕಡೆ ಚಿರೇಕಲ್ಲಿನ, ಅಂದ್ರೆ ಕೆಂಪು ಜಂಬಿಟ್ಟಿಗೆಯ, ನೆಲದ ಬಾವಿಗಳಲ್ಲಿ ಅದು ಹೊಸದೂ ಅಲ್ಲ. ಆದ್ರೆ ಪಂಚಾಯ್ತಿಗೆ ಜಲ ಜೀವನ್ ಮಿಷನ್ನಿನಲ್ಲಿ ಕೊಟ್ಟ ಟೆಸ್ಟ್ ಕಿಟ್ ಉಂಟಲ್ಲ, ಒಂದೊಂದು ಹಳ್ಳಿಯಲ್ಲಿ ಐದು ಜನ ಹೆಂಗಸರಿಗೆ ತರಬೇತಿ ಕೊಡಬೇಕು ಅಂತ ಇದ್ದದ್ದು, ಅದರ ಶೀಟಿನಲ್ಲಿ ಪಿಎಚ್ ಪಕ್ಕದಲ್ಲೇ ಇನ್ನೆರಡು ಸಾಲು ಇರ್ತದೆ, ಆಲ್ಕಲಿನಿಟಿ ಅಂತ ಒಂದು, ಗಡಸುತನ ಅಂತ ಒಂದು. ಆ ಹೆಂಗಸರು ಕಷ್ಟಪಟ್ಟು ಮೂರನ್ನೂ ಅಳೆದು ತುಂಬಿಸ್ತಾರೆ. ಪೇಪರಿಗೆ ಬರುವಾಗ ಒಂದೇ ಉಳೀತದೆ. ಮೂರನ್ನೂ ಒಟ್ಟಿಗೆ ಇಟ್ಟು ಓದಿದ್ರೆ ಮಾತ್ರ ಆ ಬಾವಿಗೆ ಏನಾಗಿದೆ, ಏನು ಮಾಡಬೇಕು, ಏನು ಮಾಡಬಾರದು ಅನ್ನೋದು ಗೊತ್ತಾಗ್ತದೆ, ನನ್ನ ಪತ್ರದ ವಿಷಯ ಇಷ್ಟೇ.

ಮೊದಲು ಪಿಎಚ್. 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಅನ್ನೋ ವಿಜ್ಞಾನಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗ ತಂದ ಅಳತೆ ಇದು. 7 ಅಂದ್ರೆ ತಟಸ್ಥ, ಕೆಳಗೆ ಹೋದ್ರೆ ಆಮ್ಲ, ಮೇಲೆ ಹೋದ್ರೆ ಕ್ಷಾರ, ಇಷ್ಟು ಎಲ್ಲರಿಗೂ ಗೊತ್ತು. ಒಂದು ಮೆಟ್ಟಿಲು ಇಳಿದ್ರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಜಾಸ್ತಿ ಆಗ್ತದೆ ಅನ್ನೋದನ್ನ ಮಾತ್ರ ಸುಮಾರು ಜನ ಮರೀತಾರೆ. ಆದ್ರೂ ಪಿಎಚ್ 6 ನೀರಿನಲ್ಲಿ ಇರೋ ಆಮ್ಲ ನಾಲಿಗೆಗೂ ಗೊತ್ತಾಗದಷ್ಟು ಅಲ್ಪ, ನಾವು ಬೇಸಿಗೆಯಲ್ಲಿ ಕುಡಿಯೋ ಲಿಂಬೆ ಶರಬತ್ತು ಮುರುಗಲು ಶರಬತ್ತು ಎಲ್ಲ ಅದಕ್ಕಿಂತ ಎಷ್ಟೋ ಕೆಳಗೆ ಇರ್ತದೆ, ಅದನ್ನ ಕುಡಿದು ಯಾರೂ ಮಲಗಿಲ್ಲ. ಪಿಎಚ್ ಅನ್ನೋದು ಜ್ವರ ನೋಡೋ ಥರ್ಮಾಮೀಟರ್ ಇದ್ದ ಹಾಗೆ, ಈ ಗಳಿಗೆಯಲ್ಲಿ ಎಷ್ಟು ಉಂಟು ಹೇಳ್ತದೆ, ಆಳಿನ ತಾಕತ್ತು ಎಷ್ಟು ಅನ್ನೋದು ಅದರಲ್ಲಿ ಕಾಣೋದಿಲ್ಲ.

ಆ ತಾಕತ್ತು ಹೇಳೋದು ಆಲ್ಕಲಿನಿಟಿ. ಅಂದ್ರೆ ಹೊರಗಿಂದ ಆಮ್ಲ ಬಿದ್ರೆ ಎಷ್ಟರ ಮಟ್ಟಿಗೆ ಈ ನೀರು ತಡ್ಕೊಳ್ತದೆ ಅನ್ನೋದು. ನಮ್ಮ ಬಾವಿ ನೀರಿನಲ್ಲಿ ಆ ಕೆಲಸ ಮಾಡೋದು ಬಹುತೇಕ ಬೈಕಾರ್ಬನೇಟ್ ಒಂದೇ. ಅಳೆಯೋದು ಹೇಗೆ ಅಂದ್ರೆ 100 ಮಿಲಿ ನೀರು ತಗೊಂಡು ಮೀಥೈಲ್ ಆರೆಂಜ್ ಅನ್ನೋ ಬಣ್ಣದ ಸೂಚಕ ಎರಡು ಹನಿ ಹಾಕಿದ್ರೆ ಹಳದಿ ಆಗ್ತದೆ, ಬ್ಯುರೆಟ್ ಅನ್ನೋ ಗೆರೆ ಹಾಕಿದ ಗಾಜಿನ ನಳಿಗೆಯಿಂದ ತೆಳು ಗಂಧಕಾಮ್ಲ, 0.02 ನಾರ್ಮಲ್ ಅಂತ ಹೇಳ್ತೇವೆ, ಅದನ್ನ ಹನಿಹನಿ ಬಿಡ್ತಾ ಹೋಗಬೇಕು, ಪಿಎಚ್ ನಾಲ್ಕೂವರೆ ಹತ್ರ ಬಂದಾಗ ಬಣ್ಣ ಕಿತ್ತಳೆಗೆ ತಿರುಗ್ತದೆ, ಅಲ್ಲಿ ನಿಲ್ಲಿಸಬೇಕು. ಒಂದು ಮಿಲಿ ಆಮ್ಲ ಹೋದ್ರೆ ಲೀಟರಿಗೆ 10 ಮಿಲಿಗ್ರಾಂ ಆಲ್ಕಲಿನಿಟಿ ಅಂತ ಲೆಕ್ಕ. ನಮ್ಮ ಚಿರೇಕಲ್ಲಿನ ಬಾವಿ ನೀರಿಗೆ ಎರಡು ಮಿಲಿ ಬಿಡೋದರೊಳಗೆ ಬಣ್ಣ ತಿರುಗಿ ಬಿಡ್ತದೆ, ಮಕ್ಕಳು ಬ್ಯುರೆಟ್ ತಿರುಗಿಸೋಕೆ ಶುರು ಮಾಡೋದ್ರೊಳಗೆ ಮುಗೀತದೆ. ಅದೇ ಬಯಲುಸೀಮೆ ಬೋರಿನ ನೀರಾದ್ರೆ 30, 35 ಮಿಲಿ ಹೋದ್ರೂ ಹಳದಿ ಬಿಡೋದೇ ಇಲ್ಲ. ಎರಡರ ನಡುವಿನ ವ್ಯತ್ಯಾಸ ಪಿಎಚ್ ಪೇಪರಿನಲ್ಲಿ, ಅಂದ್ರೆ ಬಣ್ಣ ನೋಡಿ ಪಿಎಚ್ ಹೇಳೋ ಕಾಗದದ ಪಟ್ಟಿಯಲ್ಲಿ, ಯಾವತ್ತೂ ಇಷ್ಟು ಢಾಳಾಗಿ ಕಾಣೋದಿಲ್ಲ.

ಮನೆಯಲ್ಲೇ ನೋಡಬೇಕು ಅನ್ನೋರಿಗೆ ಒಂದು ಹೇಳ್ತೇನೆ. ಫಿಲ್ಟರ್ ಮಾರೋರು ಮನೆ ಬಾಗಿಲಿಗೆ ಬಂದು ಬಾವಿ ನೀರಿಗೆ ಬಣ್ಣದ ಹನಿ ಹಾಕಿ ನೋಡಿ ಹಳದಿ ಆಯ್ತು ಆಸಿಡ್ ಅಂತ ಹೆದರಿಸಿ, ತಮ್ಮ ಮಷಿನ್ನಿನ ನೀರಿಗೆ ಅದೇ ಹನಿ ಹಾಕಿ ನೀಲಿ ತೋರಿಸ್ತಾರಲ್ಲ, ಆವಾಗ ಆ ನೀಲಿ ನೀರಿಗೆ ಲಿಂಬೆ ರಸ ಎರಡು ಮೂರು ಹನಿ ಬಿಡಿ. ನೀಲಿ ಹೋಗಿ ಹಳದಿ ಬಂತು ಅಂದ್ರೆ ಪಿಎಚ್ ಮಾತ್ರ 9 ಇತ್ತು, ಹಿಂದೆ ಆಲ್ಕಲಿನಿಟಿ ಹೆಚ್ಚೇನೂ ಇರಲಿಲ್ಲ ಅಂತ ಅರ್ಥ. ಪಕ್ಕದಲ್ಲಿ ಒಂದು ಲೋಟ ಸಮುದ್ರದ ನೀರಿಗೆ ಅದೇ ಬಣ್ಣ ಹಾಕಿ ಇಡಿ, ಅದರ ಪಿಎಚ್ 8ರ ಆಸುಪಾಸು ಅಷ್ಟೇ, ಆದ್ರೂ ಅಷ್ಟೇ ಹನಿಗೆ ಪೂರ್ತಿ ಹಳದಿಗೆ ತಿರುಗೋದಿಲ್ಲ. ಪಿಎಚ್ ಜಾಸ್ತಿ ಇದ್ದ ಮಾತ್ರಕ್ಕೆ ಆಲ್ಕಲಿನಿಟಿ ಜಾಸ್ತಿ ಅಂತ ತಿಳ್ಕೊಳ್ಳೋದೇ ಈ ಇಡೀ ಗೊಂದಲದ ಬುಡ. ಇಂಥ ನೀರು ಕುಡಿದ್ರೆ ರಕ್ತದ ಪಿಎಚ್ ಏರ್ತದೆ ಅಂತ ನಂಬೋದೂ ಬೇಡ, ಹೊಟ್ಟೆಯೊಳಗೆ ಇರೋದು ಕಡು ಆಮ್ಲ, ರಕ್ತದ ಪಿಎಚ್ 7.35ರಿಂದ 7.45ರ ಒಳಗೆ ಇಟ್ಟುಕೊಳ್ಳೋದು ನಮ್ಮ ಶ್ವಾಸಕೋಶ ಮತ್ತು ಮೂತ್ರಪಿಂಡ, ಮಷಿನ್ನಿನ ನೀರು ಅಲ್ಲ. ಸಾವಿರಾರು ರೂಪಾಯಿ ಕೊಟ್ಟು ಅದನ್ನ ತರೋ ಮುಂಚೆ ಈ ಲಿಂಬೆ ಪರೀಕ್ಷೆ ಮಾಡಿ ಅಂತ ಕೈ ಮುಗಿದು ಕೇಳ್ತೇನೆ.

ಹಾಗಾದ್ರೆ ಪಿಎಚ್ ಮತ್ತು ಆಲ್ಕಲಿನಿಟಿಗೆ ಸಂಬಂಧ ಏನು. ನಮ್ಮ ನೀರಿನಲ್ಲಿ ಪಿಎಚ್ ಅನ್ನೋದು ಬೈಕಾರ್ಬನೇಟ್ ಎಷ್ಟು, ಕರಗಿದ ಕಾರ್ಬನ್ ಡೈಆಕ್ಸೈಡ್ ಎಷ್ಟು, ಎರಡರ ಪ್ರಮಾಣದ ಮೇಲೆ ನಿಂತಿದೆ. ಮಳೆ ನೀರು ಶುದ್ಧ ಗಾಳಿಯಲ್ಲೇ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು 5.6ರ ಸುತ್ತ ಇರ್ತದೆ, ಆಮೇಲೆ ಮಣ್ಣಿನಲ್ಲಿ ಇಳೀತಾ ಬೇರು, ಕೊಳೆತ ಎಲೆ, ಸೂಕ್ಷ್ಮಜೀವಿ ಬಿಡೋ ಕಾರ್ಬನ್ ಡೈಆಕ್ಸೈಡ್ ಇನ್ನಷ್ಟು ಸೇರ್ಕೊಳ್ತದೆ. ನಮ್ಮ ಘಟ್ಟದ ಕೆಳಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಲೆಕ್ಕದಲ್ಲಿ ಮಳೆ, ಅದು ಯುಗಯುಗದಿಂದ ಈ ಕೆಂಪು ನೆಲವನ್ನ ತೊಳೆದು ತೊಳೆದು ಕ್ಯಾಲ್ಸಿಯಂ ಮೆಗ್ನೀಸಿಯಂ ಎಲ್ಲ ಸಮುದ್ರಕ್ಕೆ ಕಳಿಸಿ ಆಗಿದೆ, ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ, ಅದೇ ಚಿರೇಕಲ್ಲು. ಕಾರ್ಬನ್ ಡೈಆಕ್ಸೈಡನ್ನ ತಿಂದು ಬೈಕಾರ್ಬನೇಟ್ ಮಾಡೋಕೆ ನೆಲದಲ್ಲಿ ಸುಣ್ಣದ ಅಂಶವೇ ಇಲ್ಲ, ಅದಕ್ಕೆ ಬಾವಿಯೊಳಗೆ ಪಿಎಚ್ 6. ಯಾರೂ ವಿಷ ಹಾಕಿದ್ದಲ್ಲ, ಕಾರ್ಖಾನೆಯೂ ಬೇಕಾಗಿಲ್ಲ.

ಇದೇ ನೀರನ್ನ ಸೇದಿ ಅಗಲ ಬಾಯಿ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟು ಬೆಳಿಗ್ಗೆ ನೋಡಿದ್ರೆ ಪಿಎಚ್ 7 ದಾಟಿರ್ತದೆ! ಯಾರೂ ಏನೂ ಹಾಕಿಲ್ಲ, ಗಾಳಿಗಿಂತ ಜಾಸ್ತಿ ಇದ್ದ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗಿದೆ ಅಷ್ಟೇ. ಆಲ್ಕಲಿನಿಟಿ ಅಳೆದ್ರೆ ನಿನ್ನೆ 20 ಇದ್ದದ್ದು ಇವತ್ತೂ 20, ಯಾಕಂದ್ರೆ ಕಾರ್ಬನ್ ಡೈಆಕ್ಸೈಡ್ ಬಂದ್ರೂ ಹೋದ್ರೂ ಆಲ್ಕಲಿನಿಟಿ ಅಲುಗೋದಿಲ್ಲ. ಕಬ್ಬಿಣ ಇರೋ ಬಾವಿ ಆದ್ರೆ ಅದೇ ರಾತ್ರಿ ಪಾತ್ರೆ ತಳಕ್ಕೆ ಕಾವಿ ಬಣ್ಣದ ಗಸಿ ಕೂತಿರ್ತದೆ, ಗಾಳಿ ತಾಗಿ ಪಿಎಚ್ ಏರಿದಾಗ ಕರಗಿದ್ದ ಕಬ್ಬಿಣ ಹೊರಗೆ ಬರೋದು. ಈ ಕಾರಣಕ್ಕೇ ಬಾಟಲಿ ತುಂಬಿಸಿ ಬಸ್ಸಿನಲ್ಲಿ ಕಾರವಾರದ ಲ್ಯಾಬಿಗೆ ಕಳಿಸಿ ಮೂರನೇ ದಿನ ಅಳೆದ ಪಿಎಚ್ ಬೇರೆ, ಬಾವಿಕಟ್ಟೆ ಮೇಲೆ ನಿಂತು ಅಳೆದದ್ದು ಬೇರೆ. ವರದಿಯಲ್ಲಿ ಎಲ್ಲಿ ಅಳೆದದ್ದು ಅಂತ ಬರೀಬೇಕು, ಯಾರೂ ಬರಿಯೋದಿಲ್ಲ.

ಇನ್ನು ಗಡಸುತನ. ಇದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲೆಕ್ಕ. ಆಲ್ಕಲಿನಿಟಿ ಬೈಕಾರ್ಬನೇಟಿನದ್ದು, ಗಡಸುತನ ಈ ಎರಡು ಲೋಹದ್ದು, ಎರಡೂ ಬೇರೆ ಬೇರೆ ವಸ್ತು, ಆದ್ರೆ ವರದಿಯಲ್ಲಿ ಎರಡನ್ನೂ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತಲೇ ಬರೆಯೋದ್ರಿಂದ ಜನ ಎರಡೂ ಒಂದೇ ಅಂದ್ಕೊಳ್ತಾರೆ. ಒಂದೇ ಅಳತೆಯಲ್ಲಿ ಬರೆದದ್ದಕ್ಕೆ ಒಂದು ದೊಡ್ಡ ಉಪಕಾರ ಉಂಟು, ಒಂದರಿಂದ ಒಂದನ್ನ ಸೀದಾ ಕಳೀಬಹುದು. ಸುಣ್ಣದಕಲ್ಲು ಕಾರ್ಬನ್ ಡೈಆಕ್ಸೈಡ್ ಇರೋ ನೀರಿನಲ್ಲಿ ಕರಗಿದಾಗ ಕ್ಯಾಲ್ಸಿಯಂ ಬೈಕಾರ್ಬನೇಟ್ ಆಗ್ತದೆ, ಕ್ಯಾಲ್ಸಿಯಂ ಗಡಸುತನಕ್ಕೆ ಹೋಯ್ತು, ಬೈಕಾರ್ಬನೇಟ್ ಆಲ್ಕಲಿನಿಟಿಗೆ ಹೋಯ್ತು, ಎರಡೂ ಸಮ ಸಮ ಏರ್ತದೆ, ಜೊತೆಗೆ ಪಿಎಚ್ಚೂ ಏರ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಯಾಣದ ಬಂಡೆಗಳು ಸುಣ್ಣಕಲ್ಲು, ದಾಂಡೇಲಿ ಕಡೆ ಕವಳಾ ಗುಹೆಯೊಳಗಿನ ಶಿವಲಿಂಗ ಇದೇ ರಾಸಾಯನಿಕ ಕ್ರಿಯೆ ಹಿಮ್ಮುಖವಾಗಿ ನಡೆದು ಆದದ್ದು, ಗುಹೆ ಮಾಡಿನಿಂದ ತೊಟ್ಟಿಕ್ಕೋ ನೀರು ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟಾಗ ಸುಣ್ಣ ಮತ್ತೆ ಕಲ್ಲಾಗಿ ಕೂತದ್ದು. ಹುಬ್ಬಳ್ಳಿ ಕಡೆ ಮಗಳ ಮನೆಗೆ ಹೋದವರು ಗೀಸರ್ ಕಾಯಿಲ್ ಮೇಲೆ ಬಿಳಿ ಹೊಪ್ಪಳಿಕೆ ನೋಡಿರ್ತಾರಲ್ಲ, ಅದೂ ಇದೇ. ನಮ್ಮ ಬಚ್ಚಲ ಹಂಡೆಯಲ್ಲಿ ಎಷ್ಟು ವರ್ಷ ಕಾಯಿಸಿದ್ರೂ ಅಂಥದ್ದು ಕೂರೋದಿಲ್ಲ, ಕೂರೋಕೆ ಸುಣ್ಣ ಇದ್ರೆ ತಾನೆ.

ಈಗ ಕಳೆಯೋ ಲೆಕ್ಕ. ಗಡಸುತನ ಆಲ್ಕಲಿನಿಟಿಗಿಂತ ಜಾಸ್ತಿ ಬಂತು ಅಂದ್ರೆ, ಆಲ್ಕಲಿನಿಟಿಯಷ್ಟು ಪಾಲು ತಾತ್ಕಾಲಿಕ ಗಡಸುತನ, ಕುದಿಸಿದ್ರೆ ಬಹುಪಾಲು ಇಳೀತದೆ, ಉಳಿದದ್ದು ಕ್ಲೋರೈಡ್ ಸಲ್ಫೇಟ್ ಜೊತೆ ಬಂದದ್ದು, ಎಷ್ಟು ಕುದಿಸಿದ್ರೂ ಹೋಗೋದಿಲ್ಲ. ಹೊಳೆ ಬಾಯಿಯವರು, ಗಜನಿ, ಅಂದ್ರೆ ಉಪ್ಪು ನೀರು ಹತ್ತೋ ಹೊಳೆಬದಿ ಗದ್ದೆ, ಅದರ ಅಂಚಿನ ಊರಿನವರು ಇದನ್ನ ಗಮನ ಇಟ್ಟು ನೋಡಬೇಕು. ಅಘನಾಶಿನಿ, ಗಂಗಾವಳಿ, ಕಾಳಿ, ಶರಾವತಿ ಎಲ್ಲ ಹೊಳೆಗಳ ಕೆಳಗಿನ ದಂಡೆಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಉಪ್ಪು ನೀರು ಬಾವಿಗೆ ಬರ್ತದೆ. ಸಮುದ್ರದ ನೀರಿನ ಗಡಸುತನ 6000ದ ಮೇಲೆ, ಬಹುಪಾಲು ಮೆಗ್ನೀಸಿಯಂ. ಅದೇ ಸಮುದ್ರದ ಆಲ್ಕಲಿನಿಟಿ 120ರ ಒಳಗೆ. ಹೀಗಿದ್ದಾಗ ಪಿಎಚ್ 6, ಆಲ್ಕಲಿನಿಟಿ 20, ಗಡಸುತನ 25 ಇರೋ ಒಂದು ಬಾವಿಗೆ ನೂರಕ್ಕೆ ಒಂದು ಪಾಲು ಸಮುದ್ರದ ನೀರು ಸೇರ್ತು ಅಂತ ಇಟ್ಕೊಳ್ಳಿ. ಗಡಸುತನ 25ರಿಂದ 85, 90ಕ್ಕೆ ಹಾರ್ತದೆ. ಆಲ್ಕಲಿನಿಟಿ ಒಂದೇ ಒಂದು ಅಂಕೆ ಏರಿ 21. ಪಿಎಚ್ಚಿನಲ್ಲಿ ಹೇಳುವಂಥ ಬದಲಾವಣೆ ಇಲ್ಲ. ಕ್ಲೋರೈಡ್ 200ರ ಹತ್ರ, ಉಪ್ಪು ಅಂತ ನಾಲಿಗೆಗೆ ಗೊತ್ತಾಗೋದು ಸಾಮಾನ್ಯವಾಗಿ 250 ದಾಟಿದ ಮೇಲೆ. ಅಂದ್ರೆ ಕುಡಿದವರಿಗೆ ಗೊತ್ತಾಗೋ ಮುಂಚೆ, ಪಿಎಚ್ ಪೇಪರಿಗೆ ಗೊತ್ತಾಗೋ ಮಾತು ಬಿಡಿ, ಗಡಸುತನದ ಸಾಲು ಹೇಳಿ ಆಗಿರ್ತದೆ, ಉಪ್ಪು ನೀರು ಬರ್ತಾ ಇದೆ ಪಂಪ್ ಕಡಿಮೆ ಮಾಡಿ ಅಂತ. ಬಟ್ಟೆ ಒಗೆಯೋ ಹೆಂಗಸರು ಇದನ್ನ ಎಲ್ಲರಿಗಿಂತ ಮೊದಲು ಹಿಡೀತಾರೆ, ಇತ್ತಿತ್ಲಾಗೆ ಸೋಪು ನೊರೆ ಬರ್ತಿಲ್ಲ ಅಂತ ಬಾವಿಕಟ್ಟೆ ಮೇಲೆ ಮಾತಾಡ್ಕೊಳ್ತಾರೆ, ಅವರ ಮಾತು ಯಾರೂ ವರದಿಯಲ್ಲಿ ಬರ್ಕೊಳ್ಳೋದಿಲ್ಲ.

ಸಿಗಡಿ ಕೆರೆ ಮಾಡೋರಿಗೆ ಪಿಎಚ್ ಜೊತೆ ಆಲ್ಕಲಿನಿಟಿ ನೋಡೋದು ಹೊಸ ವಿಷಯ ಅಲ್ಲ. ಬೆಳಿಗ್ಗೆ ಪಿಎಚ್ ಕಡಿಮೆ, ಮಧ್ಯಾಹ್ನ ಪಾಚಿ ಬಿಸಿಲಿಗೆ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡ ಮೇಲೆ ಜಾಸ್ತಿ, ಈ ಏರಿಳಿತ ಸಣ್ಣದಾಗಿ ಇರಬೇಕು ಅಂದ್ರೆ ಆಲ್ಕಲಿನಿಟಿ ಇರಬೇಕು, ಮಳೆ ಬಿದ್ದು ಅದು ಇಳಿದಾಗ ಸುಣ್ಣ ಹಾಕ್ತಾರೆ. ಸಿಗಡಿಗೆ ಕೊಡೋ ಈ ಲಕ್ಷ್ಯ ನಾವು ಕುಡಿಯೋ ಬಾವಿಗೂ ಕೊಡಬೇಕು.

ಉಲ್ಟಾ ಆದಾಗ, ಅಂದ್ರೆ ಆಲ್ಕಲಿನಿಟಿ ಗಡಸುತನಕ್ಕಿಂತ ಜಾಸ್ತಿ ಬಂದಾಗ, ಹೆಚ್ಚಿನ ಪಾಲು ಸೋಡಿಯಂ ಬೈಕಾರ್ಬನೇಟ್ ಅಂತ ತಿಳ್ಕೊಳ್ಳಬೇಕು, ನಮ್ಮ ಅಡಿಗೆ ಸೋಡಾ. ನೊರೆ ಚೆನ್ನಾಗಿ ಬರ್ತದೆ, ಆದ್ರೆ ವರ್ಷಗಟ್ಲೆ ತೋಟಕ್ಕೆ ಬಿಟ್ರೆ ಮಣ್ಣು ಹಾಳಾಗ್ತದೆ, ಕ್ಯಾಲ್ಸಿಯಂ ಕಡಿಮೆ ಇರೋ ಇಂಥ ನೀರಿನಲ್ಲಿ ಫ್ಲೋರೈಡ್ ಕರಗಿ ಉಳಿಯೋ ಸಂಭವವೂ ಜಾಸ್ತಿ. ಬಯಲುಸೀಮೆಯ ಆಳ ಬೋರುಗಳಲ್ಲಿ ಕಾಣೋದು ಇದು, ಘಟ್ಟದ ಕೆಳಗೆ ನಮಗೆ ಅಷ್ಟಾಗಿ ಬರೋದಿಲ್ಲ, ಮುಂದೆ ಹೋಗ್ತೇನೆ.

ಬಾವಿಗೆ ಸುಣ್ಣ ಸುರಿಯೋ ವಿಷಯಕ್ಕೆ ಬರ್ತೇನೆ, ನನಗೆ ಇದೇ ಹೆಚ್ಚು ಆತಂಕ. ಶಿರಸಿ ಸಿದ್ದಾಪುರ ಕಡೆ ತೋಟದವರಿಗೆ ಹೇಳಿದ್ರೆ ಕೂಡ್ಲೇ ಅರ್ಥ ಆಗ್ತದೆ, ಯಾಕಂದ್ರೆ ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮಾಡುವಾಗ ಒಂದು ಕೇಜಿ ಮೈಲುತುತ್ತಕ್ಕೆ ಒಂದು ಕೇಜಿ ಸುಣ್ಣ ನೂರು ಲೀಟರ್ ನೀರು ಅಂತ ಲೆಕ್ಕ ಇದ್ರೂ ಅವರು ಕಣ್ಣು ಮುಚ್ಚಿ ಸುಣ್ಣ ಸುರಿಯೋದಿಲ್ಲ, ಪಿಎಚ್ ಪೇಪರ್ ಅದ್ದಿ ನೋಡ್ತಾರೆ, ಪೇಪರ್ ಇಲ್ಲದಿದ್ರೆ ಕತ್ತಿಯ ಅಲಗು ಅದ್ದಿ ತಾಮ್ರದ ಕೆಂಪು ಹತ್ತಿತಾ ನೋಡ್ತಾರೆ, ಹತ್ತಿದ್ರೆ ಇನ್ನಷ್ಟು ಸುಣ್ಣ. ಸುಣ್ಣ ಹಳತಾಗಿದ್ರೆ ಜಾಸ್ತಿ ಬೇಕು, ಹೊಸತಾದ್ರೆ ಕಡಿಮೆ ಸಾಕು. ಪಿಎಚ್ ಎಲ್ಲಿ ನಿಲ್ಲಬೇಕು ಅನ್ನೋದು ಒಂದು ಪ್ರಶ್ನೆ, ಅಲ್ಲಿಗೆ ಮುಟ್ಟಿಸೋಕೆ ಎಷ್ಟು ಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಬಾವಿಗೂ ಇದೇ.

ಹತ್ತಡಿ ಅಗಲದ ಬಾವಿಯಲ್ಲಿ ಆರೇಳಡಿ ನೀರು ಉಂಟು ಅಂದ್ರೆ ಸುಮಾರು 14 ಸಾವಿರ ಲೀಟರ್. ಪಿಎಚ್ 6, ಆಲ್ಕಲಿನಿಟಿ 20 ಇರೋ ನೀರು. ಅದಕ್ಕೆ ಒಳ್ಳೆ ಅರಳಿದ ಸುಣ್ಣ ಅರ್ಧ ಕೇಜಿ ಸರಿಯಾಗಿ ಬೆರೆತ್ರೆ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಎಲ್ಲ ಬೈಕಾರ್ಬನೇಟ್ ಆಗಿ ಪಿಎಚ್ 8ರ ಆಜುಬಾಜು ಬರ್ತದೆ. ಒಂದು ಕೇಜಿ ಹಾಕಿದ್ರೋ, 10ರ ಕಡೆ ಓಡ್ತದೆ, ನೀರು ಬೆಳ್ಳಗೆ ಕದಡ್ತದೆ. ಅರ್ಧ ಕೇಜಿಯ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಹಾರಾಟ, ಯಾಕಂದ್ರೆ ತಡ್ಕೊಳ್ಳೋಕೆ ಆಲ್ಕಲಿನಿಟಿ ಇಲ್ಲ. ಜನ ಹಾಕೋದು ಬುಟ್ಟಿಗಟ್ಲೆ! ಕುಡಿಯೋ ನೀರಿನ ಮಾನದಂಡ, ಐಎಸ್ 10500, 2012ರದ್ದು, ಪಿಎಚ್ 6.5ರಿಂದ 8.5 ಅಂತ ಹೇಳ್ತದೆ. 6 ಇದ್ದದ್ದನ್ನ ಸರಿ ಮಾಡೋಕೆ ಹೋಗಿ 10 ಮಾಡಿದ್ರೆ ಮೊದಲಿಗಿಂತ ದೂರ ಹೋದ ಹಾಗಾಯ್ತು.

ಮಳೆಗಾಲದಲ್ಲಿ ಇದರ ಮೇಲೆ ಬ್ಲೀಚಿಂಗ್ ಪೌಡರ್ ಹಾಕ್ತಾರೆ. ಕ್ಲೋರಿನ್ ರೋಗಾಣು ಕೊಲ್ಲೋದು ಪಿಎಚ್ ಕಡಿಮೆ ಇದ್ದಾಗ ಚೆನ್ನಾಗಿ, 6.5ರಲ್ಲಿ ನೂರಕ್ಕೆ ತೊಂಬತ್ತು ಪಾಲು ಜೋರಾಗಿ ಕೆಲಸ ಮಾಡೋ ರೂಪದಲ್ಲಿ ಇರ್ತದೆ, 7.5ಕ್ಕೆ ಬಂದ್ರೆ ಅರ್ಧ, 8.5ಕ್ಕೆ ಹೋದ್ರೆ ಹತ್ತು ಪಾಲು ಉಳಿದ್ರೆ ಹೆಚ್ಚು. ಸುಣ್ಣ ಮತ್ತು ಬ್ಲೀಚಿಂಗ್ ಒಟ್ಟಿಗೆ ಸುರಿದ ಬಾವಿಯಲ್ಲಿ ವಾಸನೆ ಇರ್ತದೆ, ಕೆಲಸ ಅಷ್ಟು ಆಗೋದಿಲ್ಲ, ಮನೆಯವರು ವಾಸನೆ ಬಂತಲ್ಲ ಅಂತ ಕುದಿಸದೆ ಕುಡೀತಾರೆ. ವಾಂತಿ ಭೇದಿ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಪಿಎಚ್ ಏರಿಸಲೇ ಬೇಕು ಅಂದ್ರೆ ಸುಟ್ಟ ಸುಣ್ಣಕ್ಕಿಂತ ಸುಡದ ಸುಣ್ಣಕಲ್ಲಿನ ಹರಳು ಒಳ್ಳೇದು, ನೀರು ಅದರ ಮೇಲೆ ಹರಿದು ಟ್ಯಾಂಕಿಗೆ ಹೋಗೋ ಹಾಗೆ ಒಂದು ಡ್ರಮ್ಮಿನಲ್ಲಿ ತುಂಬಿಸಿ ಇಡೋದು. ನಮ್ಮ ಅಘನಾಶಿನಿ ಬಳಚಿನ ಚಿಪ್ಪೂ ಅದೇ ಕ್ಯಾಲ್ಸಿಯಂ ಕಾರ್ಬನೇಟ್, ಮಾಂಸದ ಅಂಶ ಪೂರ್ತಿ ಹೋಗೋ ಹಾಗೆ ತೊಳೆದು, ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ಒಣಗಿಸಿ, ಪುಡಿ ಮಾಡಿದ್ರೆ ಕೆಲಸಕ್ಕೆ ಬರ್ತದೆ. ಇದರ ದೊಡ್ಡ ಗುಣ ಏನಂದ್ರೆ ನೀರಿನಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಉಂಟೋ ಅಷ್ಟಕ್ಕೆ ತಕ್ಕ ಹಾಗೆ ಕರಗ್ತದೆ, ಅದು ಮುಗಿದ ಮೇಲೆ ಕರಗೋದು ತಾನಾಗಿ ನಿಲ್ತದೆ, ಕೈ ತಪ್ಪಿ ಜಾಸ್ತಿ ಆಯ್ತು ಅನ್ನೋ ಭಯ ಇಲ್ಲ. ಪಿಎಚ್, ಆಲ್ಕಲಿನಿಟಿ, ಗಡಸುತನ ಮೂರೂ ಮೆಲ್ಲಗೆ ಒಟ್ಟಿಗೆ ಏರ್ತದೆ. ಕೆಲವು ತಿಂಗಳಿಗೊಮ್ಮೆ ಹರಳು ಸವೆದಿದ್ದನ್ನ ಮತ್ತೆ ತುಂಬಿಸಬೇಕು, ನಡುನಡುವೆ ತೊಳೀಬೇಕು, ಅಷ್ಟೇ ಖರ್ಚು.

ಏರಿಸೋದು ಯಾಕೆ, ಕುಡಿಯೋಕೆ ತೊಂದ್ರೆ ಇಲ್ಲದಿದ್ರೆ ಬಿಡಬಹುದಲ್ಲ ಅಂತ ಕೇಳ್ತೀರಿ. ಪೈಪಿಗೋಸ್ಕರ. ಪಿಎಚ್ ಕಡಿಮೆ, ಆಲ್ಕಲಿನಿಟಿ ಕಡಿಮೆ, ಕ್ಯಾಲ್ಸಿಯಂ ಕಡಿಮೆ, ಮೂರೂ ಒಟ್ಟಿಗೆ ಇದ್ದಾಗ ನೀರು ಹಸಿದಿರ್ತದೆ, ಸಿಕ್ಕಿದ್ದನ್ನ ಕರಗಿಸ್ತದೆ. ಜಿಐ ಪೈಪು, ಅಂದ್ರೆ ಸತು ಲೇಪಿಸಿದ ಕಬ್ಬಿಣದ್ದು, ತುಕ್ಕು ಹಿಡೀತದೆ, ತಾಮ್ರದ ಪೈಪು ಇದ್ದಲ್ಲಿ ಬೇಸಿನ್ನಿನಲ್ಲಿ ಹಸಿರು ನೀಲಿ ಗೆರೆ ಬೀಳ್ತದೆ, ಹಳೆ ಹಿತ್ತಾಳೆ ನಲ್ಲಿಯಿಂದ ಸೀಸ ಬರೋ ಸಾಧ್ಯತೆ ಉಂಟು. ಬೆಳಿಗ್ಗೆ ಎದ್ದ ಕೂಡ್ಲೇ ಮೊದಲ ನೀರು ಗಿಡಕ್ಕೆ ಬಿಟ್ಟು ಆಮೇಲೆ ಕುಡಿಯೋಕೆ ಹಿಡೀರಿ ಅಂತ ನಾನು ಎಲ್ಲರಿಗೂ ಹೇಳ್ತೇನೆ. ಸಿಮೆಂಟನ್ನೂ ಬಿಡೋದಿಲ್ಲ, ಹೊಸ ಸಿಮೆಂಟ್ ಟ್ಯಾಂಕಿಗೆ ನಮ್ಮ ಮೆದು ನೀರು ತುಂಬಿಸಿದ್ರೆ ಸಿಮೆಂಟಿನ ಸುಣ್ಣ ಎಳ್ಕೊಂಡು ಕೆಲವು ವಾರ ಪಿಎಚ್ 9, 10 ತೋರಿಸ್ತದೆ, ಅದೇ ಊರಿನ ಬಾವಿಯಲ್ಲಿ 6, ನಲ್ಲಿಯಲ್ಲಿ 10, ಜನ ಕಿಟ್ ಸರಿ ಇಲ್ಲ ಅಂತಾರೆ, ಕಿಟ್ ಸರಿಯಾಗೇ ಇರ್ತದೆ. 1936ರಲ್ಲಿ ಲ್ಯಾಂಗ್ಲಿಯರ್ ಅನ್ನೋ ಅಮೆರಿಕದ ಪ್ರೊಫೆಸರ್ ಪಿಎಚ್, ಆಲ್ಕಲಿನಿಟಿ, ಕ್ಯಾಲ್ಸಿಯಂ, ಉಷ್ಣತೆ, ಕರಗಿದ ಲವಣ ಎಲ್ಲ ಸೇರಿಸಿ ಒಂದೇ ಅಂಕೆ ಮಾಡಿ ಕೊಟ್ರು, ಸೊನ್ನೆ ಬಂದ್ರೆ ಸಮ, ಮೇಲೆ ಬಂದ್ರೆ ಸುಣ್ಣ ಕಟ್ಟೋ ನೀರು, ಕೆಳಗೆ ಬಂದ್ರೆ ಕೊರೆಯೋ ನೀರು. ಮೇಲೆ ಹೇಳಿದ ನಮ್ಮ ಚಿರೇಕಲ್ಲಿನ ಬಾವಿಯ ಲೆಕ್ಕ ಹಾಕಿದ್ರೆ ಮೈನಸ್ ಮೂರರ ಕೆಳಗೆ ಬರ್ತದೆ. ಅದಕ್ಕೆ ಲಕ್ಷಗಟ್ಲೆ ಖರ್ಚು ಮಾಡಿ ಪೈಪ್ ಹಾಕೋ ಯೋಜನೆಗಳಲ್ಲಿ ಈ ಲೆಕ್ಕ ಮೊದಲೇ ಹಾಕಬೇಕು ಅನ್ನೋದು.

ಇಲ್ಲಿ ಮಾನದಂಡದಲ್ಲೇ ಒಂದು ಕೊರತೆ ನನಗೆ ಕಾಣ್ತದೆ. ಆಲ್ಕಲಿನಿಟಿಗೆ 200, ಬೇರೆ ನೀರಿಲ್ಲದಿದ್ರೆ 600, ಗಡಸುತನಕ್ಕೂ ಅದೇ 200 ಮತ್ತು 600, ಎರಡಕ್ಕೂ ಮೇಲಿನ ಮಿತಿ ಮಾತ್ರ ಕೊಟ್ಟಿದ್ದಾರೆ, ಇದಕ್ಕಿಂತ ಕಡಿಮೆ ಇರಬಾರದು ಅಂತ ಏನೂ ಇಲ್ಲ. ಆದ್ದರಿಂದ ನಮ್ಮ ಕಡೆ ಆಲ್ಕಲಿನಿಟಿ 15 ಬಂದ್ರೂ ವರದಿಯಲ್ಲಿ ಮಿತಿಯೊಳಗೆ ಅಂತ ಟಿಕ್ ಬೀಳ್ತದೆ, ಪಿಎಚ್ ಮಾತ್ರ ಕೆಂಪು ಗುರುತು, ಯಾಕೆ ಅನ್ನೋದಕ್ಕೆ ಉತ್ತರ ಅದೇ ಹಾಳೆಯ ಮುಂದಿನ ಸಾಲಿನಲ್ಲಿ ಇದ್ರೂ ಯಾರ ಕಣ್ಣಿಗೂ ಬೀಳೋದಿಲ್ಲ.

ಇಂಥ ನೀರಿಗೆ ಆರ್‌ಒ ಹಾಕಿಸೋರ ಬಗ್ಗೆ ನನಗೆ ನಿಜಕ್ಕೂ ಬೇಜಾರು. ಟಿಡಿಎಸ್, ಅಂದ್ರೆ ಕರಗಿದ ಲವಣಗಳ ಒಟ್ಟು ಲೆಕ್ಕ, 50, 60 ಇರೋ ನೀರು. ಆರ್‌ಒ ಪೊರೆ ಇದ್ದ ಅಷ್ಟಿಷ್ಟು ಬೈಕಾರ್ಬನೇಟ್ ಕ್ಯಾಲ್ಸಿಯಂ ತಡೆದು ಹಾಕ್ತದೆ, ಕಾರ್ಬನ್ ಡೈಆಕ್ಸೈಡ್ ಅನಿಲ ಆದ್ದರಿಂದ ಅದು ಮಾತ್ರ ಆಚೆ ದಾಟಿ ಹೋಗ್ತದೆ, ಹಾಗಾಗಿ ಹೊರಗೆ ಬರೋ ನೀರಿನ ಪಿಎಚ್ ಒಳಗೆ ಹೋದದ್ದಕ್ಕಿಂತ ಇನ್ನೂ ಕಡಿಮೆ! ಪಿಎಚ್ ಕಡಿಮೆ ಅಂತ ಹೆದರಿ ತಂದ ಮಷಿನ್ ಪಿಎಚ್ ಇನ್ನೂ ಇಳಿಸ್ತದೆ, ಮೇಲಿಂದ ಒಂದು ಲೀಟರಿಗೆ ಎರಡು ಮೂರು ಲೀಟರ್ ಗಟಾರಕ್ಕೆ. ಟಿಡಿಎಸ್ 500ಕ್ಕಿಂತ ಕಡಿಮೆ ಇದ್ದಲ್ಲಿ ಆರ್‌ಒ ಬೇಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ರೋಗಾಣು ಭಯಕ್ಕೆ ಕುದಿಸಿ ಆರಿಸಿದ್ರೆ ಸಾಕು. ಗಜನಿ ಅಂಚಿನಲ್ಲಿ ಉಪ್ಪು ಏರಿದ ಬಾವಿ ಇದ್ದವರಿಗೆ ಆರ್‌ಒ ಬೇಕಾಗಬಹುದು, ಅದು ಬೇರೆ ಮಾತು, ಅವರ ವರದಿಯಲ್ಲಿ ಗಡಸುತನದ ಸಾಲೇ ಅದನ್ನ ಹೇಳ್ತದೆ.

ಪಟ್ಟಣದ ನೀರಿನ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಹೊಳೆ ಕೆಂಪಾದಾಗ ಆಲಂ, ಅಂದ್ರೆ ಪಟಿಕ, ಹಾಕಿ ಕೆಸರು ಕೂರಿಸ್ತಾರೆ. ಒಂದು ಮಿಲಿಗ್ರಾಂ ಪಟಿಕ ಸುಮಾರು ಅರ್ಧ ಮಿಲಿಗ್ರಾಂ ಆಲ್ಕಲಿನಿಟಿ ತಿಂತದೆ. ಹೊಳೆಯಲ್ಲಿ ಇರೋದೇ 20 ಆದ್ರೆ 40 ಮಿಲಿಗ್ರಾಂ ಪಟಿಕಕ್ಕೆ ಅದು ಪೂರ್ತಿ ಖಾಲಿ, ಪಿಎಚ್ ಧಡಕ್ಕನೆ ಕೆಳಗೆ, ಆಮೇಲೆ ಎಷ್ಟು ಪಟಿಕ ಹಾಕಿದ್ರೂ ಕೆಸರು ಗಂಟು ಕಟ್ಟೋದಿಲ್ಲ. ಜೊತೆಗೆ ಸುಣ್ಣ ಅಳೆದು ಹಾಕಬೇಕು ಅಂತ ಶುದ್ಧೀಕರಣ ಘಟಕದವರಿಗೆ ಗೊತ್ತಿರ್ತದೆ, ಮನೆಯಲ್ಲಿ ಕೊಡಪಾನದೊಳಗೆ ಪಟಿಕ ತಿರುಗಿಸೋರಿಗೆ ಗೊತ್ತಿರೋದಿಲ್ಲ, ಅವರು ನೀರು ತಿಳಿ ಆಗ್ಲಿಲ್ಲ ಅಂತ ಇನ್ನಷ್ಟು ತಿರುಗಿಸ್ತಾರೆ. ನಾಲ್ಕು ಸುತ್ತು ಸಾಕು, ಕೂರದಿದ್ರೆ ಬಟ್ಟೆಯಲ್ಲಿ ಸೋಸಿ ಕುದಿಸಿ.

ನನ್ನ ಕೋರಿಕೆ ಹೀಗಿದೆ. ನಿಮ್ಮ ವರದಿಗಾರರು ಇನ್ಮುಂದೆ ಬಾವಿ ನೀರಿನ ಸುದ್ದಿ ಬರೆಯುವಾಗ ಮೂರೂ ಅಂಕೆ, ಯಾವ ತಿಂಗಳು, ಬಾವಿಕಟ್ಟೆಯಲ್ಲಿ ಅಳೆದದ್ದೋ ಲ್ಯಾಬಿನಲ್ಲೋ, ಇಷ್ಟು ಹಾಕಿ, ಒಂದೇ ಸಾಲು ಜಾಸ್ತಿ ಆಗ್ತದೆ ಅಷ್ಟೇ. ಪಂಚಾಯ್ತಿಯವರು ಮೇ ತಿಂಗಳಲ್ಲಿ ಮಳೆ ಹಿಡಿಯೋ ಮುಂಚೆ ಒಮ್ಮೆ, ನವೆಂಬರಿನಲ್ಲಿ ಒಮ್ಮೆ ಕಿಟ್ಟಿನಲ್ಲಿ ಅಳೆದದ್ದನ್ನ ಫೈಲಿನಲ್ಲಿ ಇಡದೆ ಕಚೇರಿ ಗೋಡೆಯ ಕರಿ ಹಲಗೆ ಮೇಲೆ ಬಾವಿವಾರು ಬರೀಲಿ. ಅಳೆದ ಹೆಂಗಸರನ್ನೇ ಗ್ರಾಮ ಸಭೆಯಲ್ಲಿ ಎದ್ದು ನಿಲ್ಲಿಸಿ ಹೇಳಿಸಿ, ಅವರಿಗೆ ಗೊತ್ತಿಲ್ಲದ್ದು ಇದ್ರೆ ಊರಿನ ಹೈಸ್ಕೂಲಿನ ವಿಜ್ಞಾನ ಮಾಸ್ತರು ಅಕ್ಕೋರು ಹೇಳಿಕೊಡ್ತಾರೆ, ಎರಡು ಮಧ್ಯಾಹ್ನದ ಕೆಲಸ, ನಮ್ಮ ಪಂಚಾಯ್ತಿಗೆ ಬೇಕಾದ್ರೆ ನಾನೇ ಬರ್ತೇನೆ. ಈಗಾಗ್ಲೇ ಬಾವಿಗೆ ಸುಣ್ಣ ಸುರಿದವರು ಕುಡಿಯೋ ಮುಂಚೆ ಒಮ್ಮೆ ಪಿಎಚ್ ನೋಡಿ, 8.5 ದಾಟಿದ್ರೆ ಬಾವಿ ಅರ್ಧ ಬಳಿದು ಹೊಸ ಊಟೆ ಬರೋಕೆ ಬಿಡಿ, ಅಲ್ಲಿಯವರೆಗೆ ಪಕ್ಕದ ಮನೆ ಬಾವಿ ನೀರು ತನ್ನಿ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಕುಮಟಾ ತಾಲೂಕು